ಆರು ಗಂಟೆಯ ತಪ್ಪು ಲೆಕ್ಕ

ಫೆಬ್ರುವರಿಯ ಒಂದು ಶನಿವಾರ, ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ, ಟಾಂಜಾನಿಯಾದ ಜಂಜಿಬಾರ್ ದ್ವೀಪದ ಹಳೆಯ ಕೋಟೆಯ ಬಾಗಿಲಲ್ಲಿ ನಾನೊಬ್ಬಳೇ ನಿಂತಿದ್ದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್, ಹೆಗಲಿನ ಚೀಲದಲ್ಲಿ ತಿದ್ದಬೇಕಾದ 34 ಉತ್ತರ ಪತ್ರಿಕೆಗಳು. ‘ಕೋಟೆಯ ಬಾಗಿಲಲ್ಲಿ ಒಂದಕ್ಕೆ ಸಿಗೋಣ’ ಎಂದು ಸಹೋದ್ಯೋಗಿ ಹಿಂದಿನ ದಿನವೇ ಇಂಗ್ಲಿಷಿನಲ್ಲಿ ಸಂದೇಶ ಕಳುಹಿಸಿದ್ದರು. ಹತ್ತು ನಿಮಿಷ ಕಾದೆ, ಅರ್ಧ ಗಂಟೆ ಕಾದೆ. ಸಂಗೀತೋತ್ಸವಕ್ಕೆ ಬಂದವರೆಂದು ಹೇಳಬಹುದಾದ ಒಂದು ನರಪಿಳ್ಳೆಯೂ ಕಾಣಲಿಲ್ಲ. ಬಾಗಿಲ ನೆರಳಿನಲ್ಲಿ ಕುಳಿತಿದ್ದ ಕಾವಲುಗಾರ ಎದ್ದು ಬಂದು, ನನ್ನ ಕೈಗಡಿಯಾರದ ‘ಒಂದರ’ ಮೇಲೆ ಬೆರಳಿಟ್ಟು, ಅಲ್ಲಿಂದ ನೇರವಾಗಿ ಎದುರಿನ ‘ಏಳಕ್ಕೆ’ ಎಳೆದ. ಎಳೆದು, ಪಾಪ, ನಗು ತಡೆದುಕೊಂಡ.

ಇಲ್ಲಿನವರ ಭಾಷೆಯಾದ ಸ್ವಾಹಿಲಿಯಲ್ಲಿ ಗಂಟೆಗಳನ್ನು ಎಣಿಸುವುದು ನಡುರಾತ್ರಿಯಿಂದ ಅಲ್ಲ, ಸೂರ್ಯ ಹುಟ್ಟಿದಾಗಿನಿಂದ. ಬೆಳಗಿನ ಏಳು ಎಂದರೆ ‘ಸಾ ಮೋಜಾ’, ಹಗಲಿನ ಮೊದಲ ಗಂಟೆ. ಸಂಜೆಯ ಏಳೂ ಸಾ ಮೋಜಾ, ರಾತ್ರಿಯ ಮೊದಲ ಗಂಟೆ. ಸಮಭಾಜಕ ವೃತ್ತದಿಂದ ಆರು ಡಿಗ್ರಿ ಕೆಳಗಿರುವ ಈ ಊರುಗಳಲ್ಲಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರಕ್ಕೇ ಹುಟ್ಟಿ ಆರಕ್ಕೇ ಮುಳುಗುವುದರಿಂದ ಈ ಲೆಕ್ಕ ಎಲ್ಲಿಯೂ ಎಡವುವುದಿಲ್ಲ. ನಮ್ಮ ಅಜ್ಜಿಯೂ ‘ಹೊತ್ತು ಹುಟ್ಟಿ ಎರಡು ಗಳಿಗೆ ಆಯಿತು’ ಎನ್ನುತ್ತಿದ್ದವಳೇ. ಆಕೆ ಇಲ್ಲಿ ಒಂದೇ ದಿನದಲ್ಲಿ ಹೊಂದಿಕೊಂಡುಬಿಡುತ್ತಿದ್ದಳು. ನನಗೆ ಈ ನಿಯಮ ಗೊತ್ತಿರಲಿಲ್ಲ ಎಂದಲ್ಲ. ಆರನ್ನು ಕೂಡುವ, ಆರನ್ನು ಕಳೆಯುವ ಲೆಕ್ಕವೆಂದು ಇದನ್ನೇ ತರಗತಿಯ ಹಲಗೆಯ ಮೇಲೆ ಬರೆದು ಮಕ್ಕಳ ಮುಂದೆ ಜಾಣತನ ತೋರಿಸಿದ್ದೆ. ಸಹೋದ್ಯೋಗಿ ಸ್ವಾಹಿಲಿಯಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯಬಹುದು ಎಂಬುದಷ್ಟೇ ಹೊಳೆದಿರಲಿಲ್ಲ. ಅಂತೂ ಗಣಿತದ ಅಧ್ಯಾಪಕಿ ಆರು ಗಂಟೆ ಮೊದಲೇ ಬಂದು ನಿಂತಿದ್ದಳು.

ನಾನು ಧಾರವಾಡದವಳು. ಒಂದೂವರೆ ವರ್ಷದಿಂದ ದಾರ್ ಎಸ್ ಸಲಾಮ್‌ನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಟಾಂಜಾನಿಯಾಕ್ಕೆ ಬಂದಿದ್ದೇನೆ ಎಂದು ಊರಿನವರಿಗೆ ಹೇಳುತ್ತಿದ್ದೆನೇ ಹೊರತು, ನಿಜದಲ್ಲಿ ನಾನು ಬಂದಿದ್ದು ಶಾಲೆ, ಬಾಡಿಗೆಯ ಮನೆ, ಗುಜರಾತಿಯವರ ಕಿರಾಣಿ ಅಂಗಡಿ ಈ ಮೂರರ ನಡುವಿನ ತ್ರಿಕೋನಕ್ಕೆ. ಇಲ್ಲಿನ ಪ್ರೌಢಶಾಲೆಗಳಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಅಂಗಡಿಯಲ್ಲಿ ಹಿಂದಿ ಸಾಕು. ಆಟೋರಿಕ್ಷಾಕ್ಕೆ ಇವರು ಇಟ್ಟಿರುವ ಹೆಸರೇ ‘ಬಜಾಜಿ’. ಅಂಗಡಿಗೆ ‘ದುಕಾ’, ವಾಹನಕ್ಕೆ ‘ಗಾರಿ’, ಒಂದು ಲಕ್ಷಕ್ಕೆ ‘ಲಾಕಿ ಮೋಜಾ’. ಭಾಷೆ ಕಲಿಯದೆಯೇ ಕಲಿತಂತೆ ಅನಿಸಿಬಿಡುತ್ತಿತ್ತು. ಗೊಂದಲವಾಗುತ್ತಿದ್ದದ್ದು ಸಂಬಂಧಗಳ ವಿಷಯದಲ್ಲಿ ಮಾತ್ರ. ಇಲ್ಲಿ ‘ಮಾಮಾ’ ಎಂದರೆ ತಾಯಿ, ‘ಕಾಕಾ’ ಎಂದರೆ ಅಣ್ಣ, ‘ಬಾಬು’ ಎಂದರೆ ಅಜ್ಜ, ‘ದಾದಾ’ ಎಂದರೆ ಅಕ್ಕ. ಮೊದಲ ವಾರ ತರಕಾರಿಯವಳು ‘ದಾದಾ, ದಾದಾ’ ಎಂದು ಕೂಗಿದಾಗ ನನ್ನ ಹಿಂದೆ ಯಾವನೋ ಗೂಂಡಾ ನಿಂತಿದ್ದಾನೆಂದು ತಿರುಗಿ ನೋಡಿದ್ದೆ.

ಈ ತ್ರಿಕೋನದಿಂದ ನನ್ನನ್ನು ಹೊರಗೆಳೆದವರು ಸ್ವಾಹಿಲಿ ಕಲಿಸುವ ಸಹೋದ್ಯೋಗಿ, ಜಂಜಿಬಾರಿನ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಅಧ್ಯಾಪಕರ ಕೊಠಡಿಯಲ್ಲಿ ನಾನು ಕಿವಿಗೆ ಸಿಕ್ಕಿಸಿಕೊಂಡು ಏನು ಕೇಳುತ್ತೇನೆಂದು ಒಮ್ಮೆ ವಿಚಾರಿಸಿದರು. ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿಸಿದೆ. ಕಣ್ಣು ಮುಚ್ಚಿ ಐದು ನಿಮಿಷ ಕೇಳಿ, “ಈ ಮನುಷ್ಯನಿಗೆ ಅವಸರವೇ ಇಲ್ಲ” ಎಂದರು. ಆಮೇಲೆ ಕೇಳಿದರು: “ನೀವು ನಮ್ಮದನ್ನು ಕೇಳಿದ್ದೀರಾ, ಮ್ವಾಲಿಮು?” ಕೇಳಿರಲಿಲ್ಲ. ಮ್ವಾಲಿಮು ಎಂದರೆ ಗುರು. ಈ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೆರೆಯವರನ್ನು ಜನ ಇಂದಿಗೂ ಕರೆಯುವುದು ಆ ಒಂದೇ ಶಬ್ದದಿಂದ; ಅವರೂ ಶಾಲೆಯಲ್ಲಿ ಕಲಿಸಿದವರು. ಅಷ್ಟು ದೊಡ್ಡ ಶಬ್ದದಿಂದ ಕರೆಸಿಕೊಂಡು, ಊರಿನ ಸಂಗೀತವನ್ನೇ ಕೇಳಿಲ್ಲವೆಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಫೆಬ್ರುವರಿಯ ‘ಸೌತಿ ಜಾ ಬುಸಾರಾ’ ಉತ್ಸವಕ್ಕೆ ಟಿಕೆಟ್ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ‘ವಿವೇಕದ ದನಿಗಳು’ ಎಂದು ಆ ಹೆಸರಿನ ಅರ್ಥ. 2004ರಿಂದ ನಡೆಯುತ್ತಿದೆ. ಹಣ ಸಾಲದೆ 2016ರಲ್ಲಿ ಒಮ್ಮೆ ನಿಂತುಹೋಗಿತ್ತಂತೆ. ಮೊದಲೇ ಧ್ವನಿಮುದ್ರಿಸಿಟ್ಟದ್ದಕ್ಕೆ ಬಾಯಾಡಿಸುವವರಿಗೆ ಅಲ್ಲಿ ಜಾಗವಿಲ್ಲ. ವಾದ್ಯ ನುಡಿಸಬೇಕು, ಬಾಯಿ ತೆರೆದು ಹಾಡಬೇಕು. ಆ ಒಂದು ನಿಯಮ ಕೇಳಿಯೇ ನನಗೆ ಗೌರವ ಹುಟ್ಟಿತ್ತು.

ದಾರ್‌ನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯ ಪಯಣ. ಆ ತಿಂಗಳುಗಳಲ್ಲಿ ಬೀಸುವುದು ಈಶಾನ್ಯದ ಗಾಳಿ, ಇವರ ಮಾತಿನಲ್ಲಿ ‘ಕಸ್ಕಾಜಿ’. ಹಿಂದೆ ಕಛ್ಛದಿಂದ, ಅರಬ್ ನಾಡಿನಿಂದ ಹಾಯಿಹಡಗುಗಳನ್ನು ಇಲ್ಲಿಗೆ ತಂದು ಬಿಡುತ್ತಿದ್ದದ್ದು ಇದೇ ಗಾಳಿ. ನನ್ನ ಮಟ್ಟಿಗೆ ಅದು ಮಾಡಿದ ಕೆಲಸವೆಂದರೆ ಹಡಗನ್ನು ತೊಟ್ಟಿಲಂತೆ ತೂಗಿ, ಮೂರನೆಯ ಉತ್ತರ ಪತ್ರಿಕೆಗೇ ನನ್ನ ಕೆಂಪು ಪೆನ್ನು ಮುಚ್ಚಿಸಿದ್ದು. ಪಕ್ಕದ ಹುಡುಗ ನನ್ನ ಮುಖ ನೋಡಿ ಎದ್ದು ಕಿಟಕಿಯ ಜಾಗ ಕೊಟ್ಟು “ಶಿಕಮೋ” ಎಂದ. ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬುದು ಅದರ ಮೂಲಾರ್ಥ. ಹಿರಿಯರಿಗೆ ಮಾತ್ರ ಹೇಳುವ ನಮಸ್ಕಾರ. “ಮರಹಬಾ” ಎಂದು ಒಪ್ಪಿಸಿಕೊಂಡೆ. ಅದೇ ದೇಶದ ಇನ್ನೊಂದು ಊರಿಗೆ ಹೋಗಿ ಇಳಿದರೂ ವಲಸೆ ಅಧಿಕಾರಿಗಳ ಮುಂದೆ ಸಾಲು ನಿಂತು ಪಾಸ್‌ಪೋರ್ಟ್ ತೋರಿಸಬೇಕು. ಜಂಜಿಬಾರಿಗೆ ಅದರದೇ ಅಧ್ಯಕ್ಷರಿದ್ದಾರೆ, ಅದರದೇ ಶಾಸನಸಭೆ ಇದೆ. 1964ರಲ್ಲಿ ಎರಡೂ ಸೇರಿ ಒಂದು ದೇಶವಾದವು, ಆದರೆ ಮನೆ ಬೇರೆ ಬೇರೆ.

ಹೀಗೆ ಬಂದು, ಮಧ್ಯಾಹ್ನ ಒಂದೂವರೆಗೆ ಕೋಟೆಯ ಬಾಗಿಲಲ್ಲಿ ನಗೆಪಾಟಲಾದ ಮೇಲೆ ಏನು ಮಾಡುವುದು? ಕಾವಲುಗಾರ ಒಳಗೆ ಹೋಗಿ ನೆರಳಿನಲ್ಲಿ ಕುಳಿತುಕೊಳ್ಳಿ ಎಂದ. ಕೋಟೆ ಎಂದರೆ ನಮ್ಮ ಚಿತ್ರದುರ್ಗದಂಥದ್ದನ್ನು ಊಹಿಸಿಕೊಳ್ಳಬೇಡಿ. ಪೋರ್ಚುಗೀಸರನ್ನು ಓಡಿಸಿದ ಮೇಲೆ ಒಮಾನಿನ ಅರಬರು ಕಟ್ಟಿದ, ಹವಳದ ಕಲ್ಲಿನ ಎತ್ತರದ ಗೋಡೆಗಳ ಒಂದು ದೊಡ್ಡ ಅಂಗಳ ಅದು. ಪಕ್ಕದಲ್ಲಿಯೇ 1883ರಲ್ಲಿ ಸುಲ್ತಾನ ಬರ್ಘಶ್ ಕಟ್ಟಿಸಿದ ‘ಅಚ್ಚರಿಯ ಮನೆ’. 2020ರ ಡಿಸೆಂಬರಿನಲ್ಲಿ ಅದರ ಒಂದು ಭಾಗ ಕುಸಿದುಬಿತ್ತು.

ಅಂಗಳದಲ್ಲಿ ವೇದಿಕೆ ಸಿದ್ಧವಾಗುತ್ತಿತ್ತು. ತಂತಿ ಎಳೆಯುವವರು, ಡಬ್ಬ ಹೊರುವವರು, ಧ್ವನಿವರ್ಧಕದ ಮುಂದೆ ‘ಮೋಜಾ, ಮ್ಬಿಲಿ, ತತು’ ಎಂದು ಎಣಿಸುವವರು. ಅವರ ನಡುವೆ ಬಿಳಿಯ ಟೋಪಿಯ ಒಬ್ಬ ಹಿರಿಯರು ಕುರ್ಚಿಯ ಮೇಲೆ ಕುಳಿತು, ತೊಡೆಯ ಮೇಲೆ ಒಂದು ಹಲಗೆಯಂಥ ವಾದ್ಯ ಇಟ್ಟುಕೊಂಡು, ಚಿಕ್ಕ ಕೀಲಿಯಿಂದ ಅದರ ಗೂಟಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದರು. ಅದು ಕಾನೂನ್. ನಮ್ಮ ಸ್ವರಮಂಡಲದ ಅಣ್ಣನಂತೆ ಇರುತ್ತದೆ, ಎಪ್ಪತ್ತಕ್ಕೂ ಹೆಚ್ಚು ತಂತಿಗಳು, ಒಂದು ಸ್ವರಕ್ಕೆ ಮೂರು ಮೂರು. ಮೂರೂ ಕೂದಲೆಳೆಯಷ್ಟೂ ಬೇರೆಯಾಗದಂತೆ ಸೇರಬೇಕು. ತಿರುಗಿಸುತ್ತಾರೆ, ಮೀಟುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಸುತ್ತಲಿನ ಗದ್ದಲಕ್ಕೆ ಒಮ್ಮೆಯೂ ತಲೆ ಎತ್ತಲಿಲ್ಲ.

ನಾನು ಗೋಡೆಗೆ ಒರಗಿ ಕುಳಿತು ಪೂರಾ ಒಂದು ಗಂಟೆ ಅದನ್ನೇ ನೋಡಿದೆ. ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಕುಂದಗೋಳಕ್ಕೆ, ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಹಾಡಿಕೆ. ಯಾರು ಹಾಡಿದರು, ಯಾವ ರಾಗ ಎನ್ನುವುದು ಈಗ ನೆನಪಿಲ್ಲ. ನಿದ್ದೆಗಣ್ಣಿನಲ್ಲಿ ಕೇಳಿದ ತಂಬೂರಿ ಶ್ರುತಿ ಮಾಡುವ ಸದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಶುರುವಾಗುತ್ತದೆ, ಶುರುವಾಗುತ್ತದೆ ಎಂದು ಕಾಯುತ್ತಾ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆ. ಆ ಸದ್ದು ಸಮುದ್ರ ದಾಟಿದ ಮೇಲೆ ಮತ್ತೆ ಸಿಗುತ್ತದೆಂದು ಯಾರಾದರೂ ಹೇಳಿದ್ದರೆ ನಾನು ಅಂದೇ ಸ್ವಾಹಿಲಿ ಕಲಿಯಲು ಆರಂಭಿಸುತ್ತಿದ್ದೆನೇನೋ. ಹಿರಿಯರು ಕೊನೆಗೊಮ್ಮೆ ಅಷ್ಟೂ ತಂತಿಗಳ ಮೇಲೆ ಬೆರಳು ಎಳೆದು, ವಾದ್ಯಕ್ಕೆ ಬಟ್ಟೆ ಮುಚ್ಚಿ, ನಮಾಜಿಗೆ ಎದ್ದು ಹೋದರು.

ಉಳಿದ ಹೊತ್ತನ್ನು ಗಲ್ಲಿಗಳಲ್ಲಿ ಕಳೆದೆ. ಜಂಜಿಬಾರಿನ ಹಳೆಯ ಪಟ್ಟಣವಾದ ಸ್ಟೋನ್ ಟೌನ್‌ನ ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಸೈಕಲ್ ಬಂದರೆ ಯಾವುದಾದರೂ ಬಾಗಿಲ ಮೆಟ್ಟಿಲು ಹತ್ತಿ ನಿಲ್ಲಬೇಕು. ಆ ನೆಪದಲ್ಲಿ ಬಾಗಿಲುಗಳನ್ನು ನೋಡಿದೆ. ಆನೆಗಳು ಹಾಯದಿರಲೆಂದು ನಮ್ಮ ಕೋಟೆಬಾಗಿಲುಗಳಿಗೆ ಹೊಡೆಯುತ್ತಿದ್ದಂಥ ಹಿತ್ತಾಳೆಯ ಮೊನೆಗಳು, ಆನೆಯೇ ಇಲ್ಲದ ಈ ದ್ವೀಪದಲ್ಲಿ ಅಲಂಕಾರಕ್ಕಾಗಿ. ಮ್ಕುನಜಿನಿಗೂ ಹೋದೆ. 1873ರಲ್ಲಿ ಮುಚ್ಚುವವರೆಗೆ ಗುಲಾಮರ ಸಂತೆ ನಡೆಯುತ್ತಿದ್ದ ಜಾಗ, ಈಗ ಚರ್ಚು. ಹೊರಗೆ ಒಂದು ಗುಂಡಿಯೊಳಗೆ ಕುತ್ತಿಗೆಗೆ ಸರಪಳಿ ಬಿಗಿದ ಐದು ಶಿಲ್ಪಗಳು ನಿಂತಿವೆ. ಅರಬರು ಮಾರಿದರು, ಬ್ರಿಟಿಷರು ನಿಲ್ಲಿಸಿದರು ಎಂದು ಓದಿಕೊಂಡು ನಾವು ಭಾರತೀಯರು ನಿರಾಳವಾಗಿ ಮುಂದೆ ಹೋಗುವಂತಿಲ್ಲ. ಈ ಬಂದರಿನ ಸುಂಕದ ಗುತ್ತಿಗೆ ದಶಕಗಳ ಕಾಲ ಕಛ್ಛದ ವ್ಯಾಪಾರಿಗಳ ಕೈಯಲ್ಲಿತ್ತು. ಲವಂಗಕ್ಕೆ, ದಂತಕ್ಕೆ, ಹಾಗೆಯೇ ಹಡಗಿನಿಂದ ಇಳಿಸಿದ ಮನುಷ್ಯರಿಗೆ ತಲೆಗಿಷ್ಟು ಎಂದು ಅವರು ಸುಂಕ ಎಣಿಸಿಕೊಂಡರು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಹಸಿವಾಗಿತ್ತು. ಒಂದು ಓಣಿಯ ತಿರುವಿನಲ್ಲಿ ದೊಡ್ಡ ಪಾತ್ರೆಯ ಮುಂದೆ ಜನ ಬೆಂಚಿನ ಮೇಲೆ ಕುಳಿತಿದ್ದರು. ‘ಬಿಲಾ ನ್ಯಾಮಾ’, ಮಾಂಸ ಬೇಡ ಎಂಬುದು ನಾನು ಸ್ವಾಹಿಲಿಯಲ್ಲಿ ಮೊದಲು ಕಲಿತ ವಾಕ್ಯ, ಅದನ್ನು ಹೇಳಿ ಕುಳಿತೆ. ಕೊಟ್ಟದ್ದು ‘ಉರೋಜೊ’. ಮಾವಿನಕಾಯಿಯ ಹುಳಿ, ಅರಿಸಿನದ ಹಳದಿ ಬಣ್ಣದ ಗಟ್ಟಿ ಸಾರು. ಅದರೊಳಗೆ ಬೇಯಿಸಿದ ಆಲೂಗಡ್ಡೆ, ಭಜಿ, ‘ಕಚೋರಿ’ ಎಂದು ಕರೆಯುವ ಆಲೂಗಡ್ಡೆಯ ಉಂಡೆ. ಮೇಲೆ ಕೊಬ್ಬರಿ ಚಟ್ನಿ, ಗರಿಗರಿಯಾದ ಮರಗೆಣಸಿನ ಎಳೆಗಳು, ಉರಿಖಾರ. ಗಿರ್ಮಿಟ್ ಮತ್ತು ಮಿರ್ಚಿಯನ್ನು ಯಾರೋ ಮಾವಿನಕಾಯಿ ಸಾರಿನಲ್ಲಿ ಮುಳುಗಿಸಿದ್ದಾರೆ ಎಂದುಕೊಳ್ಳಿ. ಎರಡು ಬಟ್ಟಲು ತಿಂದೆ. ಎರಡನೆಯದನ್ನು ತಿನ್ನುತ್ತಾ, ಶಿಸ್ತಿನವಳಂತೆ ಉತ್ತರ ಪತ್ರಿಕೆಗಳನ್ನೂ ತೆರೆದೆ. ಮುಂದಾದದ್ದನ್ನು ನೀವು ಊಹಿಸಬಹುದು.

ಏಳಕ್ಕೆ, ಅಂದರೆ ಒಂದಕ್ಕೆ, ಸಹೋದ್ಯೋಗಿ ಬಂದರು. ಶಾಲೆಯಲ್ಲಿ ಬೂದುಬಣ್ಣದ ಉಡುಪಿನಲ್ಲಿ ಮಾತ್ರ ನೋಡಿದ್ದವರು ಇಲ್ಲಿ ಕೆಂಪು-ಹಳದಿಯ ‘ಕಾಂಗಾ’ ಹೊದ್ದಿದ್ದರು. ಈ ಬಟ್ಟೆಯ ವಿಶೇಷವೆಂದರೆ ಪ್ರತಿಯೊಂದರ ಕೆಳಗೂ ಒಂದು ಗಾದೆಯೋ ಚುಚ್ಚುಮಾತೋ ಅಚ್ಚಾಗಿರುತ್ತದೆ. ಎದುರುಮನೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಉಟ್ಟು ತೋರಿಸಬಹುದು. ಅವರದರ ಮೇಲೆ ಏನು ಬರೆದಿದೆ ಎಂದು ಕೇಳಿದೆ. ‘ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ’, ಚೂರು ಚೂರೇ ಸೇರಿ ಕಿಬಾಬಾ ತುಂಬುತ್ತದೆ. ಕಿಬಾಬಾ ಎಂದರೆ ಏನು? ಧಾನ್ಯ ಅಳೆಯುವ ಪಾತ್ರೆ. ‘ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ’ ಎಂದು ನಾನು ಹೇಳಿದೆ. ಬಳ್ಳ ಎಂದರೆ? ಧಾನ್ಯ ಅಳೆಯುವ ಪಾತ್ರೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಆಮೇಲೆ ನನ್ನ ಆರು ಗಂಟೆಯ ಕಥೆ ಹೇಳಿದೆ. ಅವರು ನಕ್ಕದ್ದಕ್ಕೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಒಳಗೆ ಮಧ್ಯಾಹ್ನದ ಆ ಖಾಲಿ ಅಂಗಳ ಜನರಿಂದ ತುಂಬಿತ್ತು. ಪ್ರವಾಸಿಗರು ಮುಂದೆ ನಿಂತು ಮೊಬೈಲ್ ಎತ್ತಿದ್ದರು, ಊರಿನವರು ಹಿಂದೆ ಕುಳಿತು ಹರಟುತ್ತಿದ್ದರು. ಮೊದಲು ಬಂದದ್ದು ಕಿಡುಂಬಾಕ್. ಈ ಕರಾವಳಿಯ ಹಾಡುಗಾರಿಕೆಯಾದ ತಾರಬ್‌ನ ಹಳ್ಳಿಯ ತಮ್ಮ ಎನ್ನಬಹುದಾದ, ಮದುವೆಮನೆಗಳಲ್ಲಿ ಕುಣಿಸುವ ಸಂಗೀತ. ಎರಡು ಚಿಕ್ಕ ಚರ್ಮವಾದ್ಯ, ಒಂದು ಪಿಟೀಲು, ಜತೆಗೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಗೆ ಕೋಲು ನೆಟ್ಟು ದಾರ ಬಿಗಿದು ‘ದುಂ ದುಂ’ ಎಂದು ಒಬ್ಬ ಮೀಟುತ್ತಿದ್ದ. ಅದರ ಹೆಸರು ಕೇಳಿದೆ. ‘ಸಂದೂಕು’ ಎಂದರು. ನನಗೆ ಕಿವಿ ನೆಟ್ಟಗಾಯಿತು. ನಮ್ಮ ಅಜ್ಜಿ ಇಳಕಲ್ ಸೀರೆ, ಬೆಲ್ಲ, ದಾಖಲೆಪತ್ರ ಎಲ್ಲವನ್ನೂ ಒಟ್ಟಿಗೆ ಇಟ್ಟು ಬೀಗ ಹಾಕುತ್ತಿದ್ದದ್ದು ಸಂದೂಕಿನಲ್ಲಿಯೇ. ಅರಬರ ಪೆಟ್ಟಿಗೆ ಒಂದು ದಿಕ್ಕಿನಲ್ಲಿ ಧಾರವಾಡ ಮುಟ್ಟಿದೆ, ಇನ್ನೊಂದು ದಿಕ್ಕಿನಲ್ಲಿ ಇಲ್ಲಿಗೆ ಬಂದು ವಾದ್ಯವಾಗಿದೆ. ಅಜ್ಜಿಯ ಸಂದೂಕಿಗೆ ದಾರ ಕಟ್ಟಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ!

ಆಮೇಲೆ ತಾರಬ್. ಪಿಟೀಲಿನವರು, ಊದ್ ಎಂಬ ತಂತಿವಾದ್ಯ ನುಡಿಸುವವರು, ಅಕಾರ್ಡಿಯನ್ ಹಿಡಿದವರು, ನಡುವೆ ನನ್ನ ಬಿಳಿಟೋಪಿಯ ಹಿರಿಯರು. ಎಲ್ಲರೂ ಕುರ್ಚಿಗಳ ಮೇಲೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ, ಬ್ಯಾಂಕಿನ ಗುಮಾಸ್ತರ ಹಾಗೆ. ಹಾಡುವ ಹೆಂಗಸು ಕೂಡ ಅಷ್ಟೇ ಗಂಭೀರ. ಕುಣಿತವೆಲ್ಲ ಕೇಳುವವರದು. ಒಂದು ಸಾಲು ಮುಗಿಯುತ್ತಿದ್ದಂತೆ ಒಬ್ಬ ಹೆಂಗಸು ಎದ್ದು, ಸೊಂಟ ತೂಗುತ್ತಾ ನಿಧಾನವಾಗಿ ವೇದಿಕೆಗೆ ಹೋಗಿ, ನೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಗಾಯಕಿಯ ಕೈಗಿಟ್ಟು ಬಂದಳು. ನಮ್ಮ ಕಡೆ ನಾಟಕಗಳಲ್ಲಿ ಆಯೇರಿ ಮಾಡುತ್ತಾರಲ್ಲ, ಹಾಗೆಯೇ ಎಂದುಕೊಂಡೆ. ಸಹೋದ್ಯೋಗಿ ತಿದ್ದಿದರು. “ಯಾವ ಸಾಲಿಗೆ ಎದ್ದಳು, ಏಳುವಾಗ ಯಾರ ಕಡೆ ನೋಡಿದಳು, ಅದನ್ನು ಗಮನಿಸಬೇಕು. ‘ನಿನ್ನ ಅಸೂಯೆ ನಿನ್ನನ್ನೇ ಸುಡಲಿ’ ಎನ್ನುವ ಸಾಲು ಅದು. ಇಲ್ಲಿ ಯಾರೋ ಒಬ್ಬಳಿಗೆ ಇವತ್ತು ನಿದ್ದೆ ಬರುವುದಿಲ್ಲ.” ಹಾಡಿಗೆ ಇಷ್ಟೊಂದು ಉಪಯೋಗವಿದೆಯೆಂದು ನನಗೆ ತಿಳಿದಿರಲಿಲ್ಲ. ಅಧ್ಯಾಪಕರ ಕೊಠಡಿಗೊಂದು ತಾರಬ್ ತಂಡ ಬೇಕು.

ಅಲ್ಲಿಯೇ, ಎರಡು ಹಾಡುಗಳ ನಡುವೆ, ಅವರು ಸಿತಿ ಬಿಂತಿ ಸಾದ್‌ಳ ಕಥೆ ಹೇಳಿದರು. 1880ರಲ್ಲಿ ಫುಂಬಾ ಎಂಬ ಹಳ್ಳಿಯಲ್ಲಿ ಹುಟ್ಟಿದವಳು, ಮಡಕೆ ಮಾರುತ್ತಿದ್ದವಳು. ಊರೂರು ತಿರುಗಿ ಮಡಕೆ ಬೇಕೇ ಎಂದು ಕೂಗುತ್ತಿದ್ದ ಆ ಕಂಠವನ್ನು ಕೇಳಿ ಜನ ಹೊರಗೆ ಬರುತ್ತಿದ್ದರಂತೆ. 1911ರಲ್ಲಿ ಪಟ್ಟಣಕ್ಕೆ ಬಂದಳು. ಅಲ್ಲಿಯವರೆಗೆ ಅರಮನೆಯಲ್ಲಿ, ಗಂಡಸರ ಗೋಷ್ಠಿಗಳಲ್ಲಿ, ಅರಬಿಯಲ್ಲಿ ನಡೆಯುತ್ತಿದ್ದ ತಾರಬ್ ಅವಳ ಬಾಯಲ್ಲಿ ಸ್ವಾಹಿಲಿಯಾಯಿತು. ಬಡವರು ಉಡುವ ಕಪ್ಪುನೀಲಿ ಕಾನಿಕಿ ಬಟ್ಟೆಯಲ್ಲಿ ಹಳ್ಳಿಯಿಂದ ಬಂದವಳು, ಕಂಠವೊಂದು ಇಲ್ಲದಿದ್ದರೆ ಏನು ತಿನ್ನುತ್ತಿದ್ದಳೋ ಎಂದು ಅವಳ ಮೇಲೆ ಮೂದಲಿಕೆಯ ಪದ ಕಟ್ಟಿದರು. ರೂಪದಿಂದ ಏನಾಗಬೇಕು, ಬುದ್ಧಿ ಇರಬೇಕು ಎಂದು ಅವಳು ಹಾಡಿನಲ್ಲಿಯೇ ಉತ್ತರ ಕೊಟ್ಟಳು.

“1928ರಲ್ಲಿ ಅವಳ ಹಾಡುಗಳು ಗ್ರಾಮಫೋನ್ ತಟ್ಟೆಯ ಮೇಲೆ ಬಂದವು. ಅದಕ್ಕಾಗಿ ಅವಳು ಎಲ್ಲಿಗೆ ಹೋದಳು ಹೇಳಿ ನೋಡೋಣ?” ಎಂದು ಕೇಳಿದರು, ತರಗತಿಯಲ್ಲಿ ಕೇಳುವ ಧಾಟಿಯಲ್ಲಿ. ಲಂಡನ್ ಎಂದೆ. ಅಲ್ಲವೆಂದು ತಲೆಯಾಡಿಸಿದರು. ಕೈರೋ ಎಂದೆ. “ನಿಮ್ಮ ಬೊಂಬಾಯಿ.”

ಮುಂಬಯಿ. ಹಿಸ್ ಮಾಸ್ಟರ್ಸ್ ವಾಯ್ಸ್. ಅದಾಗಿ ಕೆಲವೇ ವರ್ಷಗಳಲ್ಲಿ, 1930ರ ದಶಕದ ಮೊದಲ ಭಾಗದಲ್ಲಿ, ನಮ್ಮ ಗಂಗೂಬಾಯಿ ಹಾನಗಲ್ ಅದೇ ಊರಿನಲ್ಲಿ ಅದೇ ಕಂಪನಿಗೆ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದರು. ಅವರೂ ಧಾರವಾಡದ ಓಣಿಗಳಲ್ಲಿ ನಡೆದುಹೋಗುವಾಗ ಹಾಡುವವಳು ಬಂದಳು ಎಂದು ಹೊರಗೆ ಬಂದ ಜನರಿಂದ ಗೇಲಿ ಮಾಡಿಸಿಕೊಂಡವರೇ. ಇದನ್ನು ನಾನು ಸಹೋದ್ಯೋಗಿಗೆ ಹೇಳಿದೆ. ನನ್ನ ಇಂಗ್ಲಿಷ್ ಅವಸರದಲ್ಲಿ ಮುಗ್ಗರಿಸಿತು. ಮೊಬೈಲಿನಲ್ಲಿ ಗಂಗೂಬಾಯಿಯವರ ಆ ಗಂಡುದನಿಯನ್ನು ಕೇಳಿಸಿದೆ. ಅಷ್ಟು ಗದ್ದಲದಲ್ಲಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳಿದ ಅವರು, “ನಮ್ಮ ಬಿ ಕಿಡುಡೆಯೂ ಹೀಗೆಯೇ” ಎಂದರು. 2013ರಲ್ಲಿ ತೀರಿಹೋದ, ಹುಟ್ಟಿದ ವರ್ಷ ಯಾರಿಗೂ ಸರಿಯಾಗಿ ತಿಳಿಯದ, ಬರಿಗಾಲಲ್ಲಿ ನಿಂತು ಇದೇ ಉತ್ಸವದಲ್ಲಿ ಹಾಡಿದ ಮುದುಕಿ. ಆ ಧ್ವನಿಯನ್ನು ನಾನು ಮರುದಿನ ಹಡಗಿನಲ್ಲಿ ಕೇಳಿದೆ. ಹೌದು, ಹೀಗೆಯೇ.

ನಡುರಾತ್ರಿಯ ಹೊತ್ತಿಗೆ ಹೊಸಕಾಲದ ತಂಡಗಳು ಬಂದವು. ಯುವಕರು ಎಗರಿ ಎಗರಿ ಕುಣಿದರು. ಡ್ರಮ್ಮಿನ ಹೊಡೆತಕ್ಕೆ ನನ್ನ ಕಟ್ಟಿಸಿಕೊಂಡ ಹಲ್ಲು ಅದುರಿತು. ಚೆನ್ನಾಗಿಯೇ ಇದ್ದಿರಬೇಕು. ನಾನು ಎದ್ದು ಬಂದೆ.

ಭಾನುವಾರದ ಹಡಗಿನಲ್ಲಿ ಸಮುದ್ರ ಶಾಂತವಾಗಿತ್ತು, ಎಲ್ಲ ಪತ್ರಿಕೆಗಳನ್ನೂ ತಿದ್ದಿ ಮುಗಿಸಿದೆ. ಸೋಮವಾರ ಹಂಚಿದೆ. ಕೊನೆಯ ಬೆಂಚಿನ ಒಬ್ಬ ಹುಡುಗ ಇಂಗ್ಲಿಷಿಗೆ ಹೆದರಿ ವರ್ಷವಿಡೀ ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ. ಅವನ ಪತ್ರಿಕೆಯ ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆ. ಅವನು ಅದನ್ನು ಮೂಗಿನ ಹತ್ತಿರ ಹಿಡಿದ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಎದ್ದು ನಿಂತ.

“ಮ್ವಾಲಿಮು, ಉರೋಜೊ?”

ಹೌದು ಎಂದೆ. ಅವನ ತಾಯಿಯ ಊರು ಜಂಜಿಬಾರ್ ಎಂದು ಆಗ ಗೊತ್ತಾಯಿತು. ಯಾವ ಓಣಿ, ಮುದುಕ ಕೊಟ್ಟನೋ ಅವನ ಮಗಳು ಕೊಟ್ಟಳೋ, ಕಚೋರಿ ಹಾಕಿದ್ದರೋ ಇಲ್ಲವೋ ಎಂದು ಸ್ವಾಹಿಲಿಯಲ್ಲಿ ಒಂದರ ಹಿಂದೊಂದು ಕೇಳಿದ. ನಾನು ನನ್ನ ಹರಕು ಸ್ವಾಹಿಲಿಯಲ್ಲಿ ಉತ್ತರಿಸಿದೆ. ಮೂರು ಕಡೆ ತಪ್ಪಿದೆ, ಮೂರೂ ಕಡೆ ಅವನು ತಿದ್ದಿದ. ಆಮೇಲೆ ಕುಳಿತುಕೊಂಡು, ಪತ್ರಿಕೆಯನ್ನು ತಿರುಗಿಸಿ ನೋಡಿ, ಮತ್ತೆ ಕೈ ಎತ್ತಿದ. ಕಲೆಯ ಕೆಳಗೆ ಒಂದು ಲೆಕ್ಕ ಪೂರ್ತಿ ಅಳಿಸಿಹೋಗಿದೆ, ಅದು ಸರಿಯಾಗಿಯೇ ಇತ್ತು, ಎರಡು ಅಂಕ ಬರಬೇಕು.

ಕೊಟ್ಟೆ.